ಪ್ಲಾಟ್‌ಫಾರ್ಮ್ ಗೇಮ್‌ಗೆ ಹಬ್ ವರ್ಲ್ಡ್ ಇನ್ನೂ ಬೇಕಾ, ಮೆನು ಸಾಕಲ್ವಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು. ಓಡಿ ಹಾರುತ್ತಾ ಸಾಗುವ ಪ್ಲಾಟ್‌ಫಾರ್ಮ್ ಗೇಮ್‌ನಲ್ಲಿ, ಲೆವೆಲ್ ಪಟ್ಟಿ ತೋರಿಸುವ ಮೆನು ಬದಲು, ಆಟಗಾರನೇ ನಡೆದಾಡಿ ಲೆವೆಲ್‌ಗಳ ಬಾಗಿಲು ಆರಿಸುವ ಜಾಗವೇ ಹಬ್. ನಾನು ಎಂಟು ತಿಂಗಳು ಬರೀ ಅದನ್ನು ಕಟ್ಟುತ್ತಾ ಕೂತಿದ್ದವನು.

ಬಿಡುವಿದ್ದಾಗ ಒಬ್ಬನೇ ಮಾಡುತ್ತಿದ್ದ ಗೇಮ್ ಅದು. 12 ಲೆವೆಲ್, ಒಂದೊಂದರಲ್ಲಿ 5 ಹರಳು. ಒಂದು ಹರಳು ಸಿಕ್ಕಿತೆಂದರೆ ಲೆವೆಲ್‌ನಿಂದ ಹೊರಗೆ. ಹೊರಗೆ ದೊಡ್ಡ ಅಂಗಳ, ಸುತ್ತ 12 ಬಾಗಿಲು, ನಡುವೆ ಒಂದು ಕಲ್ಲಿನ ಪ್ರತಿಮೆ. ಹರಳು ತಂದ ಹಾಗೆಲ್ಲ ಪ್ರತಿಮೆಗೆ ಒಂದೊಂದು ತುಂಡು ಸೇರುತ್ತಿತ್ತು. 1996ರ ಸೂಪರ್ ಮಾರಿಯೋ 64 ಗೇಮ್‌ನಲ್ಲಿ ಹಬ್ ಆಗಿದ್ದ ಕೋಟೆ ತಲೆಯಲ್ಲಿ ಕೂತುಬಿಟ್ಟಿತ್ತು, ಏನು ಮಾಡೋದು.

ಪ್ರತಿಮೆಯ ಮೇಲೆ ನನಗೆ ವಿಪರೀತ ಮೋಹ. ಎಲ್ಲರೂ ಪ್ರತಿ ಸಲ ನೋಡಲೇಬೇಕು ಅನ್ನಿಸಿತು. ಹಾಗಾಗಿ ಹರಳು ಸಿಕ್ಕ ಕೂಡಲೇ ಆಟಗಾರನನ್ನು ಬಾಗಿಲ ಹತ್ತಿರ ಬಿಡದೆ, ಪ್ರತಿಮೆಯ ಮುಂದೆ ತಂದು ನಿಲ್ಲಿಸಿದೆ. ನನ್ನನ್ನು ಮುಳುಗಿಸಿದ್ದು ಇದೇ. ಅಲ್ಲಿಂದ ಬಾಗಿಲಿಗೆ ಸರಾಸರಿ 25 ಸೆಕೆಂಡ್ ಓಟ. ಏನು ಮಹಾ ಅಂತೀರಾ? 60 ಹರಳು, 60 ಸಲ. ಅಂದರೆ 25 ನಿಮಿಷ ಖಾಲಿ ಅಂಗಳದಲ್ಲಿ ಓಡುವುದೇ ಕೆಲಸ! ಇಡೀ ಗೇಮ್ ಇದ್ದದ್ದೇ ಮೂರು ಗಂಟೆ. ಅದೂ ಆಟಗಾರನಿಗೆ ಹುಮ್ಮಸ್ಸು ಏರಿ, ಅದೇ ಲೆವೆಲ್‌ಗೆ ಇನ್ನೊಂದು ಸಲ ನುಗ್ಗೋಣ ಅನ್ನಿಸುವ ಹೊತ್ತಿಗೇ ಈ ಓಟ. ಮಾರಿಯೋ 64ರಲ್ಲಿ ಕೋಟೆಯ ಗೋಡೆಯ ಚಿತ್ರಪಟಗಳೇ ಲೆವೆಲ್‌ಗಳ ಬಾಗಿಲು. ಒಳಗೆ ನಕ್ಷತ್ರ ಹಿಡಿದರೆ ಚಿತ್ರಪಟದಿಂದ ಹೊರಗೆ ಬಂದು ಅದರ ಮುಂದೆಯೇ ಬೀಳುತ್ತೀರಿ. ತಿರುಗಿ ಹಾರಿದರೆ ಮತ್ತೆ ಒಳಗೆ. ಎಷ್ಟೋ ಸಲ ಆಡಿದ್ದೆ, ಇದೊಂದನ್ನು ಗಮನಿಸಿರಲಿಲ್ಲ.

ಎಂಟು ತಿಂಗಳು ನನಗೆ ಯಾಕೆ ಗೊತ್ತಾಗಲಿಲ್ಲ? ಬೇಕಾದ ಲೆವೆಲ್‌ಗೆ ನೇರ ಹೋಗಲು ಕೀಬೋರ್ಡ್‌ನಲ್ಲಿ ಒಂದು ಕೀ ಇಟ್ಟುಕೊಂಡಿದ್ದೆ, ಪರೀಕ್ಷೆ ಮಾಡಲು. ನನ್ನ ಅಂಗಳದಲ್ಲಿ ನಾನೇ ನಡೆದಿರಲಿಲ್ಲ! ಮೊದಲ ಸಲ ಗೆಳೆಯನ ಕೈಗೆ ಕೊಟ್ಟೆ. ಆರನೇ ಹರಳಿಗೆ ಕಂಟ್ರೋಲರ್ ಕೆಳಗಿಟ್ಟ. "ಲೆವೆಲ್ ಚೆನ್ನಾಗಿದೆ ಕಣೋ. ಮತ್ತೆ ಅಲ್ಲಿಂದ ಓಡ್ಬೇಕಾ?" ಅಂದ.

ಹಾಗಂತ ಮೆನು ಸಾಕು ಅಂತ ನಾನು ಹೇಳಲ್ಲ. ಹಬ್ ಬೇಕೋ ಮೆನು ಬೇಕೋ ಅನ್ನುವ ಪ್ರಶ್ನೆಯೇ ಸರಿಯಿಲ್ಲ. ನನ್ನದು ಹಬ್ ಆಗಿರಲೇ ಇಲ್ಲ, ಕಾಲು ನೋಯಿಸುವ ಮೆನು ಆಗಿತ್ತು ಅಷ್ಟೇ. ಮಾರಿಯೋ ಕೋಟೆಯ ಹೊರಗಿನ ತೋಟ ನೆನಪಿಸಿಕೊಳ್ಳಿ. ಶತ್ರುಗಳಿಲ್ಲ, ಅವಸರವಿಲ್ಲ. ಮರ ಹತ್ತಿ, ನೀರಿಗೆ ಬಿದ್ದು, ಸುಮ್ನೆ ಹಾರಾಡುತ್ತಲೇ ಕೈ ಪಳಗುತ್ತದೆ. ಅದು ಬಾಗಿಲಿಲ್ಲದಿದ್ದರೂ ಆಡಬಹುದಾದ ಜಾಗ. 1997ರ ಕ್ರ್ಯಾಶ್ ಬ್ಯಾಂಡಿಕೂಟ್ 2ರಲ್ಲಿ ಅಷ್ಟೂ ಇಲ್ಲ, ಒಂದು ಕೋಣೆಗೆ ಐದು ಲೆವೆಲ್, ನಾಲ್ಕು ಹೆಜ್ಜೆ, ಮುಗಿಯಿತು. ಅದೂ ಸರಿಯೇ. 2018ರ ಸೆಲೆಸ್ಟ್ ಬೆಟ್ಟದ ನಕ್ಷೆ ತೋರಿಸಿ ಅಧ್ಯಾಯ ಆರಿಸಲು ಬಿಡುತ್ತದೆ, ಯಾರಿಗೂ ಹಬ್ ಬೇಕು ಅನ್ನಿಸಲ್ಲ.

ಹಬ್‌ನ ಕಾಲ ಮುಗಿಯಿತು ಅನ್ನುವವರು 2021ರ ಬೌಸರ್ಸ್ ಫ್ಯೂರಿ ಆಡಲಿ. ಅಲ್ಲಿ ಇಡೀ ಗೇಮ್ ಒಂದೇ ಕೆರೆ. ಹಬ್ ಸತ್ತಿಲ್ಲ, ಲೆವೆಲ್‌ಗಳನ್ನೇ ನುಂಗಿ ಕೂತಿದೆ. 2024ರ ಆಸ್ಟ್ರೋ ಬಾಟ್‌ನಲ್ಲಿ ನೀವು ಕಾಪಾಡಿದ ಪುಟ್ಟ ರೋಬೋಗಳು ಹಬ್‌ನಲ್ಲೇ ಸೇರಿ, ಹೊಸ ದಾರಿ ಮಾಡಿಕೊಡುತ್ತವೆ. ನನ್ನ ಪ್ರತಿಮೆ ಅಂಥದ್ದೇನೂ ಮಾಡುತ್ತಿರಲಿಲ್ಲ, ಸುಮ್ಮನೆ ನಿಂತಿರುತ್ತಿತ್ತು.

ನೀವು ಮಾಡಬೇಕಾದ್ದು ಇಷ್ಟೇ. ನಿಮ್ಮ ಹಬ್‌ನ ಬಾಗಿಲುಗಳನ್ನೆಲ್ಲ ಮುಚ್ಚಿ, ಗೊತ್ತಿಲ್ಲದ ಒಬ್ಬರನ್ನು ಒಳಗೆ ಬಿಡಿ. ಐದು ನಿಮಿಷ ಆಡಿಕೊಂಡಿದ್ದರೆ ಇಟ್ಟುಕೊಳ್ಳಿ. ನಿಂತು ನಿಮ್ಮ ಮುಖ ನೋಡಿದರೆ ಮೆನು ಹಾಕಿ. ಮತ್ತೆ ಆ ಶಾರ್ಟ್‌ಕಟ್ ಕೀ ಇದ್ದರೆ ಇವತ್ತೇ ಕಿತ್ತುಹಾಕಿ.

ನಾನು ಅಂಗಳವನ್ನು ಮೂರನೇ ಒಂದು ಭಾಗಕ್ಕೆ ಇಳಿಸಿದೆ. ಈಗ ಲೆವೆಲ್ ಮುಗಿದರೆ ಬಾಗಿಲ ಮುಂದೆಯೇ ಬರುತ್ತೀರಿ. ಪ್ರತಿಮೆ ಒಂದು ಮೂಲೆ ಸೇರಿದೆ, ಆದರೆ ಹತ್ತಬಹುದು. ಆಡಲು ಕೂತವರೆಲ್ಲ ಮೊದಲು ಅದರ ತಲೆ ಮೇಲೆ ಹೋಗಿ ನಿಲ್ಲುತ್ತಾರೆ.