ಮೊಹಿಟೊ ಕಹಿಯಾಗುವುದೇಕೆ? ಕ್ಯೂಬಾ ಊಟ, ರಮ್ ಕುರಿತ ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮ ಬಾರ್ ಅಂಡ್ ರೆಸ್ಟೋರೆಂಟಿನಲ್ಲಿ ಶನಿವಾರ ರಾತ್ರಿ ಕ್ಯೂಬಾ ಊಟ ಶುರುಮಾಡಿದ್ದೇವೆ. ರಮ್-ಪುದೀನಾ-ನಿಂಬೆಯ ಪಾನೀಯ ಮೊಹಿಟೊ ಜಗ್‌ನಲ್ಲಿ ಮೊದಲೇ ಮಾಡಿಟ್ಟರೆ ಕಹಿಯಾಗುತ್ತಿದೆ. ಏಕೆ?
– ನಿಟುವಳ್ಳಿ, ದಾವಣಗೆರೆ

ಉತ್ತರ: ಪುದೀನಾವನ್ನು ಚಟ್ನಿಗೆ ಜಜ್ಜಿದಂತೆ ಜಜ್ಜುತ್ತಿದ್ದೀರಿ ಅನ್ನಿಸುತ್ತದೆ. ಎಲೆ ಹರಿದರೆ ಹಸಿರು ರಸದ ಜೊತೆ ಒಗರೂ ಬಿಡುತ್ತದೆ, ಜಗ್‌ನಲ್ಲಿ ನಿಂತಷ್ಟೂ ಅದು ಏರುತ್ತದೆ. ನಿಂಬೆಯನ್ನು ಸಿಪ್ಪೆಸಮೇತ ಕುಟ್ಟಿದರೂ ಕಹಿಯೇ. ಹಿಂಡಿದ ರಸ ಮಾತ್ರ ಬಳಸಿ.

ಒಂದು ಲೋಟಕ್ಕೆ ಸಕ್ಕರೆ 2 ಟೀ ಚಮಚ, ನಿಂಬೆರಸ 25 ಮಿ.ಲೀ. ಸಕ್ಕರೆ ಪೂರ್ತಿ ಕರಗಿದ ಮೇಲೆ 8–10 ಎಲೆ ಹಾಕಿ, ಮರದ ಕೋಲಿನಿಂದ ನಾಲ್ಕೈದು ಸಲ ಮೆಲ್ಲಗೆ ಒತ್ತಿ. ಘಮ ಬರಬೇಕು, ಎಲೆ ಇಡಿಯಾಗಿ ಉಳಿಯಬೇಕು. ಆಮೇಲೆ ಬಿಳಿ ರಮ್ 60 ಮಿ.ಲೀ., ಲೋಟದ ತುಂಬ ಐಸ್, ಕೊನೆಗೆ ಫ್ರಿಜ್ಜಿನಿಂದ ತೆಗೆದ ಸೋಡಾ 90 ಮಿ.ಲೀ. ಐಸ್ ಉಳಿಸಲು ಹೋಗಬೇಡಿ: ನಾಲ್ಕೇ ತುಂಡು ಹಾಕಿದರೆ ನಮ್ಮ ಏಪ್ರಿಲ್ ಸೆಕೆಗೆ ಬೇಗ ಕರಗಿ ಪಾನೀಯ ಸಪ್ಪೆಯಾಗುತ್ತದೆ.

ಗಿರಾಕಿ ಜಾಸ್ತಿಯಾದಾಗ ಕೈ ಓಡಬೇಕೆಂದರೆ ಸಮಪಾಲು ಸಕ್ಕರೆ-ನೀರಿನ ಪಾಕ ಮಾಡಿಟ್ಟುಕೊಳ್ಳಿ, ನಿಂಬೆ ಅದೇ ಸಂಜೆ ಹಿಂಡಿಡಿ. ಪುದೀನಾ, ಸೋಡಾ ಮಾತ್ರ ಆರ್ಡರ್ ಬಂದ ಮೇಲೆ. ಜಗ್‌ನ ಆಸೆ ಬಿಡಿ.

ಇನ್ನೊಂದು ಮಾತು. 60 ಮಿ.ಲೀ. ಅಂದರೆ ಪೂರಾ ಲಾರ್ಜ್ ಪೆಗ್. ಸಿಹಿ-ಹುಳಿಯಲ್ಲಿ ಅದು ನಾಲಿಗೆಗೆ ಗೊತ್ತೇ ಆಗುವುದಿಲ್ಲ, ಮೂರನೆಯದು ಕೇಳುವವರ ಮುಂದೆ ಮೊದಲು ಊಟ ಬರಲಿ.

ಪ್ರಶ್ನೆ: ಓಲ್ಡ್ ಮಾಂಕ್ ರಮ್ ಹಾಕಿ ಮೊಹಿಟೊ ಮಾಡಬಹುದೇ? ಬಕಾರ್ಡಿ ರಮ್ ಕ್ಯೂಬಾದ್ದೇ ತಾನೇ?
– ಹರಿಹರ

ಉತ್ತರ: ಕಪ್ಪು ರಮ್ಮಿನ ವೆನಿಲ್ಲಾ ವಾಸನೆ ಪುದೀನಾವನ್ನು ನುಂಗಿಬಿಡುತ್ತದೆ. ಅದನ್ನು ಕ್ಯೂಬಾ ಲಿಬ್ರೆಗೆ ಇಟ್ಟುಕೊಳ್ಳಿ: ರಮ್ 60, ಕೋಲಾ 120 ಮಿ.ಲೀ., ಅರ್ಧ ನಿಂಬೆ. ಬಕಾರ್ಡಿ 1862ರಲ್ಲಿ ಸ್ಯಾಂಟಿಯಾಗೊ ಡಿ ಕ್ಯೂಬಾದಲ್ಲಿ ಹುಟ್ಟಿದ್ದು ನಿಜ. 1960ರಲ್ಲಿ ಕ್ಯಾಸ್ಟ್ರೊ ಸರ್ಕಾರ ಅಲ್ಲಿನ ಆಸ್ತಿ ವಶಪಡಿಸಿಕೊಂಡ ಮೇಲೆ ಕಂಪನಿ ಹೊರಗೇ ಉಳಿಯಿತು. ಮೆನುವಿನಲ್ಲಿ ‘ಕ್ಯೂಬಾದ ರಮ್’ ಎಂದು ಬರೆಯಬೇಡಿ.

ಪ್ರಶ್ನೆ: ಬಾಳೆಕಾಯಿ ಟೊಸ್ಟೋನೆಸ್ (ಒತ್ತಿ ಕರಿದ ಬಾಳೆಕಾಯಿ ಬಿಲ್ಲೆ) ಒಮ್ಮೆ ಒಡೆಯುತ್ತದೆ, ಒಮ್ಮೆ ಹಲ್ಲಿಗೆ ಸಿಗದಷ್ಟು ಗಟ್ಟಿ.
– ಚಿತ್ರದುರ್ಗ

ಉತ್ತರ: ಇದನ್ನು ಎರಡು ಸಲ ಕರಿಯಬೇಕು. ಹಸಿರು ಬಾಳೆಕಾಯಿ ಸಿಪ್ಪೆ ತೆಗೆದು ಎರಡು ಸೆಂ.ಮೀ. ದಪ್ಪ ಹೆಚ್ಚಿ. ಚಳ್ಳಕೆರೆ ಶೇಂಗಾ ಎಣ್ಣೆ ಇದ್ದರೆ ಒಳ್ಳೆಯದು. ಮೊದಲು ನಡು ಉರಿಯಲ್ಲಿ ಮೂರು-ನಾಲ್ಕು ನಿಮಿಷ. ಬಣ್ಣ ತಿರುಗುವ ಮುನ್ನ ತೆಗೆದು, ಬಿಸಿಯಿರುವಾಗಲೇ ಬಟ್ಟಲ ತಳದಿಂದ ಅರ್ಧ ಸೆಂ.ಮೀ.ಗೆ ಒತ್ತಿ. ಆರಿದ ಮೇಲೆ ಒತ್ತಿದರೆ ಒಡೆಯುತ್ತದೆ, ತೀರಾ ತೆಳುವಾದರೆ ಚಿಪ್ಸ್ ಆಗುತ್ತದೆ. ಬೆಳ್ಳುಳ್ಳಿ ಜಜ್ಜಿದ ಉಪ್ಪುನೀರಿನಲ್ಲಿ ಅದ್ದಿ ಬಟ್ಟೆಯಲ್ಲಿ ಒತ್ತಿಕೊಳ್ಳಿ, ಹನಿ ಉಳಿದರೆ ಎಣ್ಣೆ ಸಿಡಿಯುತ್ತದೆ. ಜೋರು ಉರಿಯಲ್ಲಿ ಇನ್ನೆರಡು ನಿಮಿಷ. ಮಿರ್ಚಿ ಕರಿಯುವವರಿಗೆ ಈ ಹದ ಹೇಳಿಕೊಡಬೇಕಿಲ್ಲ. ತಟ್ಟೆ ಕಾಯಬಾರದು, ಗಿರಾಕಿ ಕಾಯಲಿ: ಆರಿದರೆ ಗಟ್ಟಿ.

ನೆಂಚಿಕೊಳ್ಳಲು ಮೊಹೊ ಎಂಬ ಬೆಳ್ಳುಳ್ಳಿ ಸಾಸ್. ಆರು ಎಸಳು ಬೆಳ್ಳುಳ್ಳಿ, ಉಪ್ಪು, ಅರ್ಧ ಚಮಚ ಜೀರಿಗೆ ಕುಟ್ಟಿ, ಮೇಲೆ ಬಿಸಿ ಎಣ್ಣೆ ಸುರಿದು, ತಣಿದ ಮೇಲೆ ಕಿತ್ತಳೆ-ನಿಂಬೆ ರಸ ಸೇರಿಸಿ. ಅಲ್ಲಿನ ಹುಳಿ ಕಿತ್ತಳೆ ಬದಲು ಎರಡು ಪಾಲು ಕಿತ್ತಳೆರಸಕ್ಕೆ ಒಂದು ಪಾಲು ನಿಂಬೆರಸ ಸಾಕು.