ಡ್ರಗ್ಸ್ ಪಾಠಕ್ಕೆ ಮಗನನ್ನು ಕಳಿಸಲಾ, ಬೇಡವಾ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ. ಮಗ ಏಳನೇ ಕ್ಲಾಸು. ಮುಂದಿನ ವಾರ ಪೊಲೀಸರು ಶಾಲೆಗೆ ಬಂದು ಡ್ರಗ್ಸ್ ಬಗ್ಗೆ ಹೇಳುತ್ತಾರಂತೆ. ಏನೂ ಗೊತ್ತಿಲ್ಲದ ಮಗುವಿಗೆ ಇದೆಲ್ಲ ಯಾಕೆ? ಅವತ್ತು ರಜೆ ಹಾಕಿಸಲಾ?
– ಒಬ್ಬ ತಾಯಿ

ಉತ್ತರ: ರಜೆ ಹಾಕಿಸಬೇಡಿ ತಾಯಿ. ನಾನು ಮುಂಬಯಿಯ ಕನ್ನಡ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಆ ವಯಸ್ಸಿನ ಹುಡುಗರ ಬಾಯಲ್ಲೇ ‘ಎಂಡಿ’ ಅನ್ನೋ ಹೆಸರು ಕೇಳಿದ್ದೇನೆ. ಮೆಫೆಡ್ರೋನ್ ಅನ್ನೋ ಡ್ರಗ್ಸ್ ಅಂದರೆ ಅದೇ. 2015ರಲ್ಲಿ ಸರ್ಕಾರ ಅದನ್ನು ಮಾದಕ ವಸ್ತು ಕಾಯ್ದೆಯೊಳಗೆ ತಂದಿತು.

ಪೊಲೀಸರು ಹೇಗೆ ಹೇಳುತ್ತಾರೆ ಅನ್ನೋದು ಮಾತ್ರ ಮುಖ್ಯ. ಲಾಸ್ ಏಂಜಲೀಸ್ ಪೊಲೀಸರು 1983ರಲ್ಲಿ ‘ಡೇರ್’ ಅಂತ ಒಂದು ಪಾಠ ಶುರು ಮಾಡಿದರು. ಯೂನಿಫಾರ್ಮ್ ಹಾಕಿದ ಅಧಿಕಾರಿಯೇ 17 ವಾರ ಕ್ಲಾಸು ತೆಗೆದುಕೊಳ್ಳುತ್ತಿದ್ದರು. ಅಮೆರಿಕದ ತುಂಬ ಹಬ್ಬಿತು. ಆದರೆ ಡ್ರಗ್ಸ್ ಬಳಕೆ ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ ಅಂತ ಅಧ್ಯಯನಗಳು ತೋರಿಸಿದವು. 2009ರಲ್ಲಿ ಪಾಠವನ್ನೇ ಬದಲಾಯಿಸಿದರು. ಭಾಷಣ ಕಡಿಮೆ, ‘ಬೇಡ’ ಅನ್ನೋದನ್ನು ಮಕ್ಕಳಿಂದ ಆಡಿಸಿ ರೂಢಿ ಮಾಡಿಸೋದು ಜಾಸ್ತಿ.

ನಮ್ಮ ಶಾಲೆಗೆ ಬಂದಿದ್ದ ಮಹಿಳಾ ಪೊಲೀಸ್ ಒಬ್ಬರು ಹೀಗೇ ಮಾಡಿದ್ದರು. ಇಬ್ಬರು ಹುಡುಗರನ್ನು ಎದುರುಬದುರು ನಿಲ್ಲಿಸಿದರು. ಒಬ್ಬ, “ಏಕ್ ಬಾರ್ ಟ್ರೈ ಕರ್ ನಾ, ಡರ್ತಾ ಹೈ ಕ್ಯಾ?” (ಒಂದು ಸಲ ಟ್ರೈ ಮಾಡೋ, ಹೆದರಿಕೆನಾ?) ಅಂದ. ಇನ್ನೊಬ್ಬ ತಲೆ ತಗ್ಗಿಸಿ ನಿಂತುಬಿಟ್ಟ. ಅವರು ಬೈಯಲಿಲ್ಲ. “ಮಾತು ಬರದಿದ್ದರೆ ಸುಮ್ನೆ ಅಲ್ಲಿಂದ ಹೊರಟುಬಿಡು” ಅಂತ ಹೇಳಿ ಮತ್ತೆ ಆಡಿಸಿದರು. ಈ ಸಲ ಹುಡುಗ, “ನಹೀ ಯಾರ್, ಪ್ರಾಕ್ಟೀಸ್ ಹೈ” (ಬೇಡ ಕಣೋ, ಪ್ರಾಕ್ಟೀಸ್ ಇದೆ) ಅಂದವನೇ ತನ್ನ ಬೆಂಚಿಗೆ ಬಂದು ಕೂತ. ತಲೆಬುರುಡೆ ಚಿತ್ರ ತೋರಿಸಿ ಹೆದರಿಸೋದಕ್ಕಿಂತ ಇದು ಎಷ್ಟೋ ಮೇಲು ಅಲ್ವಾ?

ಹಾಗಾಗಿ ಶಾಲೆಯಲ್ಲಿ ಕೇಳಿ. ಒಂದೇ ದಿನ ಮಾತಾಡಿ ಹೋಗುತ್ತಾರಾ, ಮತ್ತೆ ಬರುತ್ತಾರಾ? ಪೋಷಕರೂ ಕೂರಬಹುದಾ? ಶಾಲೆಯಿಂದ 100 ಗಜದೊಳಗೆ ಬೀಡಿ, ಸಿಗರೇಟು ಮಾರೋ ಹಾಗಿಲ್ಲ. ಅಂಥ ಅಂಗಡಿ ಇದ್ದರೆ ಅವತ್ತೇ ಪೊಲೀಸರಿಗೆ ತೋರಿಸಿ. ಮಕ್ಕಳ ಕೈಗೆ ಡ್ರಗ್ಸ್ ಕೊಟ್ಟವರಿಗೆ ಬಾಲನ್ಯಾಯ ಕಾಯ್ದೆಯಲ್ಲಿ 7 ವರ್ಷದವರೆಗೆ ಕಠಿಣ ಸಜೆ ಇದೆ.

ಮಗ ಮನೆಗೆ ಬಂದ ಮೇಲೆ, “ನಿನಗೆ ಯಾರಾದರೂ ಕೊಟ್ಟಿದ್ದಾರಾ?” ಅಂತ ತನಿಖೆ ಶುರು ಮಾಡಬೇಡಿ. ಏನೇನು ಆಡಿಸಿದರು ಅಂತ ಕೇಳಿ. ನೀವೂ ಅವನ ಜೊತೆ ಆಡಿ. ಮುಂದೆ ಯಾವತ್ತಾದರೂ ಅನುಮಾನ ಬಂದರೆ 14446ಕ್ಕೆ ಫೋನ್ ಮಾಡಿ, ಸಲಹೆ ಸಿಗುತ್ತದೆ. ಮಾರುವವರ ಸುಳಿವು ಕೊಡೋದಿದ್ದರೆ 1933.