ಮಳೆ ಕಡಿಮೆಯಿರುವ ದಕ್ಷಿಣ ಇರಾಕಿನಲ್ಲಿ ಐದು ಸಾವಿರ ವರ್ಷಗಳಿಗೂ ಹಿಂದೆ, ಅಷ್ಟು ಬೇಗ ನಗರಗಳು ಹುಟ್ಟಿದ್ದು ಹೇಗೆ?
ಮಳೆ ಸಾಲದಿದ್ದುದೇ ದೊಡ್ಡ ಕಾರಣ. ಯೂಫ್ರಟಿಸ್, ಟೈಗ್ರಿಸ್ ನದಿಗಳ ಮೆಕ್ಕಲು ಮಣ್ಣು ಫಲವತ್ತಾಗಿತ್ತು. ಆದರೆ ನೀರು ಹಾಯಿಸದೆ ಅಲ್ಲಿ ಬಾರ್ಲಿ ಬೆಳೆಯುವಂತಿರಲಿಲ್ಲ. ಮೇಲಾಗಿ ನದಿಗಳು ಉಕ್ಕುತ್ತಿದ್ದುದು ವಸಂತದಲ್ಲಿ, ಪೈರು ಕೊಯ್ಲಿಗೆ ಬಂದಾಗ. ಬಿತ್ತನೆಗೆ ನೀರು ತರಬೇಕು, ಕೊಯ್ಲಿನ ಹೊತ್ತಿಗೆ ಅದೇ ನೀರನ್ನು ತಡೆಯಬೇಕು. ಇದು ಒಂದು ಕುಟುಂಬದ ಕೈಲಾಗುವ ಕೆಲಸವಲ್ಲ. ಕಾಲುವೆಯ ಹೂಳೆತ್ತಲು, ಒಡ್ಡು ಕಟ್ಟಲು ಊರಿಗೆ ಊರೇ ಕೂಡಬೇಕಿತ್ತು. ಇದಕ್ಕೆಲ್ಲ ಅರಸನ ಅಪ್ಪಣೆಯೇ ಬೇಕಿತ್ತೆಂದು ಭಾವಿಸಬೇಕಿಲ್ಲ. ಅಕ್ಕಪಕ್ಕದ ಹಳ್ಳಿಗಳ ಒಪ್ಪಂದವೂ ಸಾಕಾಗುತ್ತದೆ.

ಮಿಕ್ಕ ಧಾನ್ಯ ದೇವಾಲಯದ ಕಣಜ ಸೇರಿ, ಹೊಲದಲ್ಲಿ ದುಡಿಯದ ಕುಂಬಾರ, ನೇಕಾರರ ಹೊಟ್ಟೆ ತುಂಬಿಸಿತು. ಇದೇ ಪ್ರದೇಶದ ಪ್ರಾಚೀನ ಉರುಕ್ ನಗರದ ಅವಶೇಷಗಳಲ್ಲಿ ಓರೆ ಅಂಚಿನ ಒರಟು ಮಣ್ಣಿನ ಬಟ್ಟಲುಗಳು ರಾಶಿರಾಶಿಯಾಗಿ ಸಿಕ್ಕಿವೆ. ಕೆಲಸಗಾರರಿಗೆ ಪಡಿ ಕೊಡಲು ಇವನ್ನು ಬಳಸುತ್ತಿದ್ದರು ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ನನಗೂ ಅದೇ ಸರಿಯೆನಿಸುತ್ತದೆ. ಏಕೆಂದರೆ ಯಾರಿಗೆ ಎಷ್ಟು ಎಂಬ ಲೆಕ್ಕ ನೆನಪಿಗೆ ಮೀರಿ, ಕ್ರಿ.ಪೂ. 3300ರ ಸುಮಾರಿಗೆ ಅಲ್ಲಿ ಜೇಡಿಮಣ್ಣಿನ ಫಲಕಗಳ ಮೇಲೆ ಬರವಣಿಗೆ ಶುರುವಾದಾಗ, ಪಡಿಯನ್ನು ಸೂಚಿಸಲು ಗೀರಿದ ಚಿತ್ರ ಮನುಷ್ಯನ ತಲೆ ಮತ್ತು ಅಂಥದೇ ಒಂದು ಬಟ್ಟಲು.